ಸೊರಗಿದ ಮನೆಗಿಡ: ಚಿಕಿತ್ಸೆಗೆ ಮುನ್ನ ಪರೀಕ್ಷೆ

ಕುಂಡದ ಗಿಡವೊಂದು ಬಾಡಿ ತಲೆ ಬಾಗಿಸಿದ್ದನ್ನು ಕಂಡೊಡನೆ ನಮ್ಮ ಕೈ ನೀರಿನ ಪಾತ್ರೆಯತ್ತ ಹೋಗುತ್ತದೆ. ಆದರೆ ಎಲೆಗೆ ನೀರು ತಲುಪುತ್ತಿಲ್ಲ ಎಂಬುದನ್ನಷ್ಟೇ ಬಾಡಿದ ಎಲೆ ತಿಳಿಸುತ್ತದೆ, ಏಕೆ ತಲುಪುತ್ತಿಲ್ಲ ಎಂಬುದನ್ನು ತಿಳಿಸುವುದಿಲ್ಲ. ಮಣ್ಣು ಒಣಗಿದ್ದರೂ ನೀರು ತಲುಪದು. ಮಣ್ಣು ತೊಯ್ದು ಬೇರು ಕೊಳೆತುಹೋಗಿದ್ದರೂ ತಲುಪದು. ಎರಡು ಸ್ಥಿತಿಗಳಲ್ಲೂ ಗಿಡ ಮೇಲಿನಿಂದ ಒಂದೇ ರೀತಿ ಕಾಣುತ್ತದೆ, ಚಿಕಿತ್ಸೆ ಮಾತ್ರ ಒಂದಕ್ಕೊಂದು ತದ್ವಿರುದ್ಧ. ಹೀಗಾಗಿ ಸೊರಗಿದ ಗಿಡದ ಬಳಿ ನಿಂತಾಗ ಮೊದಲು ನೋಡಬೇಕಾದದ್ದು ಎಲೆಯನ್ನಲ್ಲ, ಮಣ್ಣನ್ನು. ಮಣ್ಣಿನ ನಂತರ ಬೇರನ್ನು. ಆಮೇಲೆ ಎಲೆಯ ಕೆಳಮೈಯನ್ನು. ಕೊನೆಯಲ್ಲಿ ಗಿಡ ನಿಂತಿರುವ ಜಾಗವನ್ನು. ಈ ಪರೀಕ್ಷೆ ಮುಗಿಯುವವರೆಗೆ ನೀರನ್ನಾಗಲಿ, ಗೊಬ್ಬರವನ್ನಾಗಲಿ, ಔಷಧಿಯನ್ನಾಗಲಿ ಕೊಡದಿರುವುದೇ ಕ್ಷೇಮ.

ಮಣ್ಣಿನ ಮೇಲ್ಪದರ ಬೇಗ ಒಣಗುವುದರಿಂದ ಅದರ ಬಣ್ಣ ನೋಡಿ ತೀರ್ಮಾನಿಸುವುದು ತಪ್ಪು. ಬೆರಳನ್ನು 4–5 ಸೆಂಟಿಮೀಟರ್ ಆಳಕ್ಕೆ ಇಳಿಸಿ ತೇವವನ್ನು ಮುಟ್ಟಿ ನೋಡಬೇಕು. ಕುಂಡ ಆಳವಾಗಿದ್ದರೆ ಬಣ್ಣ ಬಳಿಯದ ಮರದ ಕಡ್ಡಿಯೊಂದನ್ನು ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಹೊರತೆಗೆದರೆ, ತೇವ ಇರುವ ಆಳದವರೆಗೆ ಕಡ್ಡಿ ಕಪ್ಪಾಗಿ, ಮಣ್ಣು ಅಂಟಿಕೊಂಡು ಬರುತ್ತದೆ. ಇದಕ್ಕಿಂತಲೂ ನನಗೆ ನಂಬಿಕೆ ಇರುವುದು ಕುಂಡವನ್ನು ಎತ್ತಿ ನೋಡುವ ಕ್ರಮದಲ್ಲಿ: ನೀರು ಹಾಕಿ ಬಸಿದುಹೋದ ಮೇಲೆ ಒಮ್ಮೆ ಎತ್ತಿ ತೂಕವನ್ನು ಕೈಗೆ ಪರಿಚಯಿಸಿಕೊಂಡರೆ, ಎರಡು ಮೂರು ವಾರಗಳಲ್ಲಿ ಕೈಯೇ ತಕ್ಕಡಿಯಾಗುತ್ತದೆ. ಮಣ್ಣಿಗೆ ಚುಚ್ಚುವ ಅಗ್ಗದ ತೇವಮಾಪಕಗಳು ಬಹುಮಟ್ಟಿಗೆ ವಿದ್ಯುತ್ ಹರಿಯುವ ಪ್ರಮಾಣವನ್ನು ಅಳೆಯುತ್ತವೆ. ಗೊಬ್ಬರದ ಲವಣಗಳು ಸೇರಿದ ಮಣ್ಣಿನಲ್ಲಿ ಅವು ಇಲ್ಲದ ತೇವವನ್ನು ತೋರಿಸಿಬಿಡುತ್ತವೆ.

ಬೇರು ಉಸಿರುಗಟ್ಟುವ ಬಗೆ

ಹೆಚ್ಚು ನೀರು ಗಿಡವನ್ನು ಕೊಲ್ಲುತ್ತದೆ ಎಂಬ ಮಾತು ಅರ್ಧ ಮಾತ್ರ ಸರಿ. ಬೇರುಗಳೂ ಉಸಿರಾಡುತ್ತವೆ, ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದ ಅವು ಆಮ್ಲಜನಕವನ್ನು ಪಡೆಯುತ್ತವೆ. ಆ ಸಂದುಗಳೆಲ್ಲ ನೀರಿನಿಂದ ತುಂಬಿದರೆ, ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ, ಬೇರಿನ ತುದಿಗಳು ಉಸಿರುಗಟ್ಟಿ ಸಾಯತೊಡಗುತ್ತವೆ. ಸತ್ತ ಭಾಗವನ್ನು ಪಿಥಿಯಂ, ಫೈಟೊಫ್ತೊರಾ ಮೊದಲಾದ ಶಿಲೀಂಧ್ರದಂಥ ಜೀವಿಗಳು ಆಕ್ರಮಿಸಿ, ಕೊಳೆಯನ್ನು ಜೀವಂತ ಬೇರಿಗೂ ಹಬ್ಬಿಸುತ್ತವೆ. ಅಂದರೆ ಗಿಡ ಸಾಯುವುದು ನೀರಿನ ಪ್ರಮಾಣದಿಂದಲ್ಲ, ಗಾಳಿಯ ಅಭಾವದಿಂದ. ಬರೀ ನೀರಿನ ಸೀಸೆಯಲ್ಲಿ ಮನಿ ಪ್ಲಾಂಟ್ ವರ್ಷಗಟ್ಟಲೆ ಬದುಕುವುದನ್ನು ಕಂಡವರಿಗೆ ಈ ವ್ಯತ್ಯಾಸ ಮಹತ್ವದ್ದೆಂದು ಬೇಗ ತಿಳಿಯುತ್ತದೆ, ಏಕೆಂದರೆ ನೀರಿನಲ್ಲೇ ಹುಟ್ಟಿದ ಬೇರುಗಳು ಅಲ್ಲಿ ಕರಗಿರುವ ಅಲ್ಪ ಆಮ್ಲಜನಕಕ್ಕೆ ಹೊಂದಿಕೊಂಡೇ ಬೆಳೆದಿರುತ್ತವೆ.

ಮಣ್ಣು ತೇವವಾಗಿಯೇ ಇದ್ದು ಎಲೆ ಬಾಡಿದ್ದರೆ, ಹಿಂಜರಿಯದೆ ಗಿಡವನ್ನು ಕುಂಡದಿಂದ ಹೊರತೆಗೆಯಿರಿ. ಒಂದು ಕೈಯಲ್ಲಿ ಬುಡವನ್ನು ಬೆರಳುಗಳ ನಡುವೆ ಹಿಡಿದು, ಕುಂಡವನ್ನು ಓರೆಮಾಡಿ ತಟ್ಟಿದರೆ ಮಣ್ಣಿನ ಮುದ್ದೆ ಇಡಿಯಾಗಿ ಜಾರುತ್ತದೆ. ಆರೋಗ್ಯವಂತ ಬೇರು ಬಿಳಿ ಅಥವಾ ತಿಳಿ ಕೆನೆ ಬಣ್ಣದಲ್ಲಿ, ಒತ್ತಿದರೆ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದು ಇಲ್ಲವೇ ಕಪ್ಪಾಗಿ, ಲೋಳೆಯಾಗಿ, ಎಳೆದರೆ ಹೊರಸಿಪ್ಪೆ ಕಳಚಿ ಒಳಗಿನ ದಾರದಂಥ ಎಳೆ ಮಾತ್ರ ಕೈಯಲ್ಲಿ ಉಳಿಯುತ್ತದೆ. ಚರಂಡಿಯ ವಾಸನೆ ಬೇರೆ. ಬಣ್ಣವೊಂದನ್ನೇ ನೆಚ್ಚಬಾರದು, ಏಕೆಂದರೆ ಡ್ರಸೀನಾ ಜಾತಿಯ ಗಿಡಗಳ ಬೇರು ಹುಟ್ಟಾ ಕಿತ್ತಳೆ ಬಣ್ಣದ್ದು. ಕೊಳೆತಿದೆಯೆಂದು ಭ್ರಮಿಸಿ ಒಳ್ಳೆಯ ಬೇರುಗಳನ್ನೇ ಕತ್ತರಿಸಿ ಎಸೆದ ತಪ್ಪನ್ನು ನಾನೂ ಮಾಡಿದ್ದೇನೆ. ಬೆರಳಿಗೆ ಸಿಗುವ ಗಟ್ಟಿತನವೇ ನಿಜವಾದ ಸಾಕ್ಷಿ.

ಕೊಳೆ ಖಚಿತವಾದರೆ ಹಳೆಯ ಮಣ್ಣನ್ನೆಲ್ಲ ಕೊಡವಿ, ಬೇರನ್ನು ಹರಿಯುವ ನೀರಿನಲ್ಲಿ ತೊಳೆದು, ಶೇಕಡಾ 70ರ ಆಲ್ಕೋಹಾಲ್‌ನಿಂದ ಒರೆಸಿದ ಕತ್ತರಿಯಿಂದ ಮೆತ್ತಗಾದ ಭಾಗವನ್ನು ಗಟ್ಟಿ ಬೇರು ಕಾಣಿಸುವವರೆಗೆ ಕತ್ತರಿಸಬೇಕು. ಉಳಿದ ಬೇರಿನ ಗಾತ್ರಕ್ಕೆ ತಕ್ಕ ಚಿಕ್ಕ ಕುಂಡದಲ್ಲಿ, ಹೊಸ ಮಿಶ್ರಣದಲ್ಲಿ ಗಿಡವನ್ನು ನೆಡಬೇಕು. ದೊಡ್ಡ ಕುಂಡದಲ್ಲಿ ನೆಟ್ಟರೆ ಬೇರು ತಲುಪದ ಮಣ್ಣೆಲ್ಲ ವಾರಗಟ್ಟಲೆ ಒದ್ದೆಯಾಗಿ ಉಳಿದು ಹಳೆಯ ಕಥೆಯೇ ಮರುಕಳಿಸುತ್ತದೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಕಾಂಪೋಸ್ಟ್ ಎರಡು ಪಾಲಿಗೆ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಕಲ್ಲಿನ ಹರಳು) ಇಲ್ಲವೇ ದಪ್ಪ ಮರಳು ಒಂದು ಪಾಲು ಬೆರೆಸಿದರೆ ಹೆಚ್ಚಿನ ಎಲೆಗಿಡಗಳಿಗೆ ಸಾಕಷ್ಟು ಗಾಳಿಯಾಡುತ್ತದೆ. ಹಸಿರಾಗಿ ಉಳಿದ ಎಲೆಗಳನ್ನು ಕತ್ತರಿಸಬೇಡಿ. ಹೊಸ ಬೇರಿಗೆ ಬೇಕಾದ ಆಹಾರವನ್ನು ತಯಾರಿಸುವುದು ಅವೇ. ಬೇರು ಬಹಳ ಕಡಿಮೆಯಾಗಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಮುಚ್ಚಿ ಎಲೆಯಿಂದ ನೀರು ಆರುವುದನ್ನು ತಗ್ಗಿಸಬಹುದು, ಆದರೆ ಹಾಗೆ ಮುಚ್ಚಿದ ಗಿಡವನ್ನು ನೇರ ಬಿಸಿಲಿಗೆ ಇಡಬಾರದು. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಸಲ್ಲದು.

ಕುಂಡದ ತಳಕ್ಕೆ ಜಲ್ಲಿಯ ಪದರ ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ಎಷ್ಟು ಹಳೆಯದೋ ಅಷ್ಟೇ ತಪ್ಪು. ಸಣ್ಣ ಕಣಗಳ ಮಣ್ಣಿನಿಂದ ದಪ್ಪ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದ ಮೇಲಷ್ಟೇ ಅದು ಕೆಳಗೆ ತೊಟ್ಟಿಕ್ಕುತ್ತದೆ. ಪರಿಣಾಮವಾಗಿ ಒದ್ದೆಯ ವಲಯ ತಳದಿಂದ ಮೇಲಕ್ಕೆದ್ದು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಒಂದು ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡವಾಗಿ ಹಿಡಿದು, ನೀರು ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿದರೆ ಮತ್ತಷ್ಟು ನೀರು ಸುರಿಯುವುದನ್ನು ನೋಡಬಹುದು: ಮಣ್ಣಿನ ಎತ್ತರ ಹೆಚ್ಚಿದಷ್ಟೂ ಬಸಿಯುವಿಕೆ ಉತ್ತಮವಾಗುತ್ತದೆ ಎಂಬುದಕ್ಕೆ ಇದೇ ಪ್ರಾತ್ಯಕ್ಷಿಕೆ. ಬೇಕಾದದ್ದು ತಳದಲ್ಲಿ ತೂತು, ತೂತಿನ ಮೇಲೆ ಮಣ್ಣು ಜಾರದಂತೆ ಒಂದು ತುಂಡು ಜಾಲರಿ, ಅಷ್ಟೇ. ಅಲಂಕಾರದ ಹೊರಕುಂಡದಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲುವುದನ್ನು ಮರೆಯಬಾರದು.

ಇನ್ನು ಮಣ್ಣು ನಿಜವಾಗಿಯೂ ಒಣಗಿದ್ದರೆ ಕೆಲಸ ಸುಲಭ, ಒಂದು ತೊಡಕಿನ ಹೊರತು. ಪೀಟ್ (ಜೌಗುನೆಲದಲ್ಲಿ ಅರೆಕೊಳೆತ ಸಸ್ಯಗಳ ಪುಡಿ) ಹೆಚ್ಚಿರುವ ಮಿಶ್ರಣ ಪೂರ್ತಿ ಒಣಗಿದಾಗ ನೀರನ್ನು ಒಲ್ಲದಂತಾಗುತ್ತದೆ. ಮೇಲಿನಿಂದ ಹಾಕಿದ ನೀರು ಕುಗ್ಗಿದ ಮಣ್ಣು ಮತ್ತು ಕುಂಡದ ಗೋಡೆಯ ನಡುವಿನ ಬಿರುಕಿನಲ್ಲಿ ಹರಿದು ತಟ್ಟೆಗಿಳಿಯುತ್ತದೆ, ನಾವು ಚೆನ್ನಾಗಿ ನೀರುಣಿಸಿದೆವೆಂದು ಸಮಾಧಾನಪಡುತ್ತೇವೆ. ಅಂಥ ಕುಂಡವನ್ನು ಅರ್ಧದಷ್ಟು ಮುಳುಗುವಂತೆ ನೀರಿನ ತೊಟ್ಟಿಯಲ್ಲಿ 30–45 ನಿಮಿಷ ಇಟ್ಟು, ಮೇಲ್ಮಣ್ಣು ತೇವವಾದ ಮೇಲೆ ಹೊರತೆಗೆದು ಬಸಿಯಲು ಬಿಡಬೇಕು. ಪೀಸ್ ಲಿಲಿಯಂಥ ಗಿಡ ಕೆಲವೇ ಗಂಟೆಗಳಲ್ಲಿ ತಲೆಯೆತ್ತಿ ನಿಲ್ಲುತ್ತದೆ.

ನೀರಿನ ತಪ್ಪಿನ ಹಿಂದಿರುವ ಬೆಳಕಿನ ತಪ್ಪು

ಬೇರು ಕೊಳೆತ ಪ್ರತಿ ಗಿಡದ ವಿಷಯದಲ್ಲೂ ನಾನು ಕೇಳಿಕೊಳ್ಳುವ ಎರಡನೆಯ ಪ್ರಶ್ನೆ ಅದು ಎಲ್ಲಿ ನಿಂತಿತ್ತು ಎಂಬುದು. ಗಿಡ ಹೀರುವ ನೀರಿನ ಪ್ರಮಾಣವನ್ನು ನಿರ್ಧರಿಸುವುದರಲ್ಲಿ ಬೆಳಕಿನ ಪಾಲು ಬಹಳ ದೊಡ್ಡದು. ಕಿಟಕಿಯ ಬಳಿ ಐದು ದಿನಗಳಲ್ಲಿ ಒಣಗುವ ಕುಂಡ, ಅದೇ ಕೋಣೆಯ ಮೂಲೆಯಲ್ಲಿ ಎರಡು ವಾರವಾದರೂ ಒದ್ದೆಯಾಗಿಯೇ ಇರಬಹುದು. ವಾರಕ್ಕೊಮ್ಮೆ, ವಾರಕ್ಕೆರಡು ಸಲ ಎಂದು ದಿನ ನಿಗದಿಪಡಿಸಿ ನೀರು ಹಾಕುವ ಪದ್ಧತಿ ಸೋಲುವುದು ಇದೇ ಕಾರಣಕ್ಕೆ. ಹಗಲು ಕಿರಿದಾಗುವ ತಿಂಗಳುಗಳಲ್ಲಿ ಅದು ಇನ್ನಷ್ಟು ಬೇಗ ಸೋಲುತ್ತದೆ.

ಕಣ್ಣು ಈ ವಿಷಯದಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ. ನಡುಹಗಲ ಬಯಲಿನ ಬೆಳಕು ಸುಮಾರು 1,00,000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಇದ್ದರೆ, ನಾವು ಆರಾಮವಾಗಿ ಓದಬಲ್ಲ ಕೋಣೆಯ ಬೆಳಕು 300–500 ಲಕ್ಸ್ ಮಾತ್ರ. ಪಾಪೆ ಹಿಗ್ಗಿ ಕುಗ್ಗಿ ಎರಡನ್ನೂ ಬೆಳಕೆಂದೇ ಒಪ್ಪಿಕೊಳ್ಳುತ್ತದೆ, ಎಲೆಗೆ ಆ ಸೌಲಭ್ಯವಿಲ್ಲ. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಸ್ಥೂಲ ಅಂದಾಜಿಗೆ ಸಾಕು. ಅದೂ ಬೇಡವೆಂದರೆ ಮಧ್ಯಾಹ್ನ ಗಿಡದ ಜಾಗದಲ್ಲಿ ಬಿಳಿ ಕಾಗದವನ್ನಿಟ್ಟು ಅದರ ಮೇಲೆ 30 ಸೆಂಟಿಮೀಟರ್ ಎತ್ತರದಲ್ಲಿ ಕೈ ಹಿಡಿಯಿರಿ: ಅಂಚು ಸ್ಪಷ್ಟವಾದ ನೆರಳು ಬಿದ್ದರೆ ಬೆಳಕು ಪ್ರಖರ, ಅಂಚು ಮಸುಕಾದರೆ ಮಧ್ಯಮ, ನೆರಳು ಬಿದ್ದದ್ದೇ ಗೊತ್ತಾಗದಿದ್ದರೆ ಆ ಜಾಗದಲ್ಲಿ ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್‌ಗಳೂ ಬೆಳೆಯುವುದಿಲ್ಲ, ಒಳಗಿನ ಸಂಗ್ರಹವನ್ನು ಕರಗಿಸಿಕೊಂಡು ನಿಧಾನವಾಗಿ ಕ್ಷೀಣಿಸುತ್ತವೆ. ಗೆಣ್ಣುಗಳ ನಡುವಿನ ಅಂತರ ಉದ್ದವಾಗುವುದು, ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದಾಗುವುದು, ಕಾಂಡ ಕಿಟಕಿಯತ್ತ ವಾಲುವುದು, ಬಿಳಿ ಅಥವಾ ಹಳದಿ ಪಟ್ಟೆಯ ತಳಿಗಳು ಪಟ್ಟೆ ಕಳೆದುಕೊಂಡು ಬರೀ ಹಸಿರಾಗುವುದು, ಇವೆಲ್ಲ ಬೆಳಕಿನ ಹಸಿವಿನ ಗುರುತುಗಳು.

ಹಾಗೆಂದು ಮೂಲೆಯ ಗಿಡವನ್ನು ಒಂದೇ ದಿನಕ್ಕೆ ಬಿಸಿಲಿಗೆ ಒಡ್ಡಿದರೆ ಬೆಳಕಿಗೆ ಮುಖ ಮಾಡಿದ ಎಲೆಗಳಲ್ಲಿ ಬಿಳಚಿದ, ಕಾಗದದಂತೆ ಒಣಗಿದ ಮಚ್ಚೆಗಳು ಮೂಡುತ್ತವೆ. ಏಳರಿಂದ ಹತ್ತು ದಿನಗಳಲ್ಲಿ ಹಂತಹಂತವಾಗಿ ಕಿಟಕಿಗೆ ಹತ್ತಿರ ತರಬೇಕು. ಮುಂಜಾನೆಯ ಎಳೆಬಿಸಿಲು ಬರುವ ಪೂರ್ವದ ಕಿಟಕಿ ಬಹುತೇಕ ಎಲೆಗಿಡಗಳಿಗೆ ಹಿತವಾದದ್ದು. ವೀಪಿಂಗ್ ಫಿಗ್ ಎಂದು ಕರೆಯುವ ಫಿಕಸ್ ಬೆಂಜಮಿನಾ ಮಾತ್ರ ಜಾಗ ಬದಲಾದರೆ ಸಾಕು, ಒಳ್ಳೆಯ ಜಾಗಕ್ಕೇ ಹೋದರೂ, ಎಲೆ ಉದುರಿಸಿ ಪ್ರತಿಭಟಿಸುತ್ತದೆ. ಆಗ ಗಾಬರಿಯಿಂದ ಮತ್ತೊಮ್ಮೆ ಸ್ಥಳಾಂತರಿಸುವುದು ಗಾಯದ ಮೇಲೆ ಬರೆ ಎಳೆದಂತೆ.

ಹಳದಿ ಎಲೆ, ಕಂದು ತುದಿ

ಎಲೆ ಹಳದಿಯಾಯಿತೆಂದರೆ ಗೊಬ್ಬರ ಸಾಲದಾಯಿತೆಂದು ಭಾವಿಸುವವರೇ ಹೆಚ್ಚು. ಮನೆಯೊಳಗಿನ ಗಿಡಗಳ ಮಟ್ಟಿಗೆ ಅದು ಅಪರೂಪದ ಕಾರಣ. ಬೇರಿನ ತೊಂದರೆ ಮತ್ತು ಬೆಳಕಿನ ಕೊರತೆಗಳನ್ನು ತಳ್ಳಿಹಾಕಿದ ಮೇಲೆ ಮಾತ್ರ ಅತ್ತ ಯೋಚಿಸಬೇಕು. ಬುಡದ ಒಂದೆರಡು ಮುದಿ ಎಲೆಗಳು ಆಗಾಗ ಹಣ್ಣಾಗಿ ಉದುರುವುದು ರೋಗವೇ ಅಲ್ಲ. ನಿಜವಾದ ಪೋಷಕಾಂಶದ ಕೊರತೆಯನ್ನು ಗುರುತಿಸಲು ಯಾವ ಎಲೆ ಮೊದಲು ಹಳದಿಯಾಯಿತು ಎಂಬುದನ್ನು ನೋಡಬೇಕು. ಸಾರಜನಕ ಮತ್ತು ಮೆಗ್ನೀಸಿಯಂಗಳನ್ನು ಗಿಡ ಹಳೆಯ ಎಲೆಯಿಂದ ಹಿಂಪಡೆದು ಚಿಗುರಿಗೆ ಸಾಗಿಸಬಲ್ಲದು. ಆದ್ದರಿಂದ ಅವುಗಳ ಕೊರತೆ ಕೆಳಗಿನ ಎಲೆಗಳಲ್ಲಿ ಕಾಣುತ್ತದೆ, ಸಾರಜನಕದ್ದಾದರೆ ಇಡೀ ಎಲೆ ಮಂಕಾಗಿ, ಮೆಗ್ನೀಸಿಯಂನದ್ದಾದರೆ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗಿ. ಕಬ್ಬಿಣವನ್ನು ಹಾಗೆ ಸಾಗಿಸಲಾಗದ ಕಾರಣ ಅದರ ಕೊರತೆ ಎಳೆಯ ಎಲೆಗಳಲ್ಲೇ ಮೂಡುತ್ತದೆ. ಇಲ್ಲೂ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದೇನಿಲ್ಲ. ಗಡಸು ನೀರಿನಿಂದ ಮಣ್ಣು ಕ್ಷಾರೀಯವಾಗಿ, ಇರುವ ಕಬ್ಬಿಣವನ್ನೇ ಬೇರು ಹೀರಲಾರದಾಗಿರುತ್ತದೆ.

ತುದಿಗಳು ಕಂದಾಗುವುದಕ್ಕೆ ಬಹುಮಟ್ಟಿಗೆ ಕಾರಣ ಮಣ್ಣಿನಲ್ಲಿ ಕೂಡಿಕೊಂಡ ಲವಣ. ಗೊಬ್ಬರದಿಂದಲೂ ನಲ್ಲಿಯ ನೀರಿನಿಂದಲೂ ಬಂದ ಲವಣಗಳು ನೀರು ಆರಿದ ಮೇಲೆ ಕುಂಡದಲ್ಲೇ ಉಳಿದು, ಮಣ್ಣಿನ ಮೇಲೆ ಅಥವಾ ಮಣ್ಣಿನ ಕುಂಡದ ಹೊರಮೈಯಲ್ಲಿ ಬಿಳಿ ಪುಡಿಯಾಗಿ ಕಾಣಿಸಿಕೊಳ್ಳುತ್ತವೆ. ಕುಂಡದ ಗಾತ್ರದ ಎರಡು ಪಟ್ಟಿನಷ್ಟು ನೀರನ್ನು ನಿಧಾನವಾಗಿ ಹರಿಸಿ, ತಳದಿಂದ ಪೂರ್ತಿ ಹೊರಹೋಗಲು ಬಿಟ್ಟರೆ ಬಹುಪಾಲು ಲವಣ ಕೊಚ್ಚಿಹೋಗುತ್ತದೆ. ಕೆಲವು ತಿಂಗಳಿಗೊಮ್ಮೆ ಹೀಗೆ ಮಾಡುವುದು ಒಳ್ಳೆಯದು. ಡ್ರಸೀನಾ, ಸ್ಪೈಡರ್ ಪ್ಲಾಂಟ್, ಕ್ಯಾಲಥಿಯಾಗಳಿಗೆ ನೀರಿನ ಫ್ಲೋರೈಡ್ ಕೂಡ ಸೇರದು. ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಆರಿಹೋಗಬಹುದು, ಫ್ಲೋರೈಡ್ ಆರುವುದಿಲ್ಲ; ಕುದಿಸಿದರಂತೂ ಅದು ಮತ್ತಷ್ಟು ಸಾಂದ್ರವಾಗುತ್ತದೆ. ಮಳೆನೀರು ಇಂಥ ಗಿಡಗಳಿಗೆ ಉತ್ತಮ. ಎಲೆಗೆ ನೀರು ಚಿಮುಕಿಸುವುದರಿಂದ ಗಾಳಿಯ ತೇವ ಕೆಲವು ನಿಮಿಷ ಹೆಚ್ಚುತ್ತದೆ, ಅದಕ್ಕಿಂತ ಹೆಚ್ಚಿನ ಪ್ರಯೋಜನವನ್ನು ಅದರಿಂದ ನಿರೀಕ್ಷಿಸಬಾರದು.

ಕೀಟಗಳು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಕುಂಡದ ಗಿಡಕ್ಕೂ ಸಲ್ಲುತ್ತದೆ. ಮಣ್ಣಿನ ಮೇಲಿನ ಬಿಳಿ ಹುಡಿ ಲವಣವಿರಬಹುದು, ನಿರಪಾಯಕಾರಿ ಬೂಷ್ಟು ಇರಬಹುದು. ಆದರೆ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿನಲ್ಲಿ ಹತ್ತಿಯ ಉಂಡೆಯಂತೆ ಕುಳಿತದ್ದು ಹಿಟ್ಟು ತಿಗಣೆ. ಶೇಕಡಾ 70ರ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒಂದೊಂದನ್ನೂ ಮುಟ್ಟಿ ಒರೆಸಬೇಕು. ಅದರ ಮೇಣದ ಹೊದಿಕೆ ಕರಗಿ ಕೀಟ ಸಾಯುತ್ತದೆ. ಕಂದು ಬಣ್ಣದ ಪುಟ್ಟ ಚಿಪ್ಪುಗಳಂತೆ ಕಾಂಡಕ್ಕೆ ಅಂಟಿಕೊಂಡು ಅಲುಗಾಡದಿರುವ ಶಲ್ಕ ಕೀಟಗಳನ್ನು ಮೊದಲು ಉಗುರಿನಿಂದಲೋ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಚಿಪ್ಪಿನ ಒಳಕ್ಕೆ ಯಾವ ಔಷಧಿಯೂ ಇಳಿಯದು. ಎಲೆ ಅಂಟಂಟಾಗಿದ್ದರೆ, ಮೇಲೆ ಮಸಿಯಂಥ ಕಪ್ಪು ಕಂಡರೆ, ರಸ ಹೀರುವ ಕೀಟ ಎಲ್ಲೋ ಮೇಲ್ಗಡೆ ಕುಳಿತಿದೆಯೆಂದೇ ಅರ್ಥ.

ಜೇಡ ನುಸಿ ಇವೆಲ್ಲಕ್ಕಿಂತ ವೇಗದ ಶತ್ರು. ಅರ್ಧ ಮಿಲಿಮೀಟರಿನಷ್ಟು ಚಿಕ್ಕದಾದ ಇದು ಕಣ್ಣಿಗೆ ಬೀಳುವ ಮೊದಲೇ ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿಚುಕ್ಕೆಗಳನ್ನು ಉಂಟುಮಾಡಿರುತ್ತದೆ. ನವಿರಾದ ಬಲೆ ಕಾಣುವ ವೇಳೆಗೆ ಹಾವಳಿ ಹೆಚ್ಚಾಗಿಹೋಗಿರುತ್ತದೆ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಎಲೆಯನ್ನು ತಟ್ಟಿ, ಬಿದ್ದ ಚುಕ್ಕೆಗಳು ನಡೆದಾಡುತ್ತವೆಯೇ ಎಂದು ನೋಡಿದರೆ ಅನುಮಾನ ಪರಿಹಾರವಾಗುತ್ತದೆ. ಸೆಕೆಯೂ ಒಣಹವೆಯೂ ಕೂಡಿದಾಗ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಇದಕ್ಕೆ ಒಂದು ವಾರ ಸಾಕು. ಹಾಗಾಗಿ ಒಮ್ಮೆ ಸಿಂಪಡಿಸಿ ಕೈತೊಳೆದುಕೊಂಡರೆ ಮೊಟ್ಟೆಯಲ್ಲಿ ಉಳಿದವು ಹೊರಬಂದು ಮತ್ತೆ ಸಂಸಾರ ಹೂಡುತ್ತವೆ. ಮೊದಲು ಗಿಡವನ್ನು ಸ್ನಾನದ ಮನೆಗೆ ಒಯ್ದು ಎಲೆಗಳ ಕೆಳಮೈಗೆ ರಭಸದ ನೀರು ಬಿಟ್ಟು ತೊಳೆಯಿರಿ. ನಂತರ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನೂ, ಎಣ್ಣೆ ನೀರಿನಲ್ಲಿ ಬೆರೆಯಲು ಒಂದೆರಡು ಮಿಲಿಲೀಟರ್ ಸೌಮ್ಯ ದ್ರವ ಸಾಬೂನನ್ನೂ ಸೇರಿಸಿ ಚೆನ್ನಾಗಿ ಕುಲುಕಿ, ಸಂಜೆಯ ಹೊತ್ತು ಎಲೆಯ ಎರಡೂ ಮೈಗೆ ಸಿಂಪಡಿಸಿ. ಐದರಿಂದ ಏಳು ದಿನಕ್ಕೊಮ್ಮೆ ಕನಿಷ್ಠ ಮೂರು ನಾಲ್ಕು ಸಲ ಇದನ್ನು ಪುನರಾವರ್ತಿಸಬೇಕು. ಮೊದಲ ಸಲ ಒಂದೇ ಎಲೆಗೆ ಸಿಂಪಡಿಸಿ ಒಂದು ದಿನ ಕಾಯುವುದು ವಿವೇಕ, ಏಕೆಂದರೆ ಕೆಲವು ಗಿಡಗಳ ಎಲೆ ಎಣ್ಣೆಗೆ ಸುಟ್ಟಂತಾಗುತ್ತದೆ.

ಕುಂಡದ ಸುತ್ತ ಹಾರಾಡುವ ಪುಟ್ಟ ಕರಿನೊಣಗಳು ಉಪದ್ರವಕಾರಿಯಾದರೂ ಬೆಳೆದ ಗಿಡಕ್ಕೆ ಅವುಗಳಿಂದ ದೊಡ್ಡ ಹಾನಿಯಿಲ್ಲ. ಅವುಗಳ ಮರಿಹುಳುಗಳು ಮಣ್ಣಿನ ಮೇಲಿನ ಕೆಲವೇ ಸೆಂಟಿಮೀಟರ್‌ಗಳಲ್ಲಿ ವಾಸಿಸುವುದರಿಂದ ಆ ಪದರವನ್ನು ಎರಡು ನೀರುಣಿಕೆಗಳ ನಡುವೆ ಪೂರ್ತಿ ಒಣಗಲು ಬಿಡುವುದೇ ಮುಖ್ಯ ಮದ್ದು. ಹಳದಿ ಅಂಟುಪಟ್ಟಿ ಹಾರುವವನ್ನು ಹಿಡಿಯುತ್ತದೆ. ಯಾವುದೇ ಕೀಟ ಕಂಡ ಗಿಡವನ್ನು, ಹಾಗೆಯೇ ಹೊಸದಾಗಿ ತಂದ ಪ್ರತಿ ಗಿಡವನ್ನು, ಎರಡು ಮೂರು ವಾರ ಉಳಿದವುಗಳಿಂದ ದೂರವಿಡಬೇಕು.

ಬೇರು ಉಳಿಯದಿದ್ದಾಗ

ಬೇರೆಲ್ಲ ಕೊಳೆತು ಕಾಂಡ ಮಾತ್ರ ಗಟ್ಟಿಯಾಗಿದ್ದರೆ ತುಂಡಿನಿಂದ ಹೊಸ ಗಿಡ ಮಾಡಬಹುದು. ಮನಿ ಪ್ಲಾಂಟ್, ಫಿಲೊಡೆಂಡ್ರಾನ್‌ಗಳ ತುಂಡಿನಲ್ಲಿ ಕನಿಷ್ಠ ಒಂದು ಗೆಣ್ಣು ಇರಲೇಬೇಕು. ಗೆಣ್ಣಿಲ್ಲದ ಎಲೆ ತಿಂಗಳುಗಟ್ಟಲೆ ಹಸಿರಾಗಿದ್ದರೂ ಅದರಿಂದ ಬಳ್ಳಿ ಹೊರಡದು. ಗೆಣ್ಣು ಮುಳುಗುವಂತೆ ನೀರಿನಲ್ಲಿಟ್ಟು ವಾರಕ್ಕೊಮ್ಮೆ ನೀರು ಬದಲಿಸಿದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ, ಬೇರು 4–5 ಸೆಂಟಿಮೀಟರ್ ಆದಾಗ ಮಣ್ಣಿಗೆ ವರ್ಗಾಯಿಸಬಹುದು. ಸ್ನೇಕ್ ಪ್ಲಾಂಟ್ ಎಲೆಯ ತುಂಡಿನಿಂದಲೇ ಬೆಳೆಯುತ್ತದೆ, ಆದರೆ ಹಳದಿ ಅಂಚಿನ ತಳಿಯ ಎಲೆತುಂಡಿನಿಂದ ಹುಟ್ಟುವ ಮರಿಗಳಿಗೆ ಆ ಅಂಚು ಇರುವುದಿಲ್ಲ. ಅಂಚು ಬೇಕಿದ್ದರೆ ಬುಡದ ಮರಿಯನ್ನೇ ಬೇರ್ಪಡಿಸಬೇಕು. ಮನಿ ಪ್ಲಾಂಟ್, ಪೀಸ್ ಲಿಲಿ, ಡೈಫೆನ್‌ಬಾಕಿಯಾಗಳ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುವುದರಿಂದ ಕತ್ತರಿಸುವಾಗ ಕೈಗವಸು ಧರಿಸಿ, ತುಂಡುಗಳು ಮಕ್ಕಳ ಮತ್ತು ಸಾಕುಪ್ರಾಣಿಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಚಿಕಿತ್ಸೆ ಯಾವುದೇ ಆಗಲಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೂರು ನಾಲ್ಕು ವಾರ ಕಾಯಬೇಕು. ಕುಂಡ, ಜಾಗ, ಗೊಬ್ಬರ ಮೂರನ್ನೂ ಒಂದೇ ದಿನ ಬದಲಿಸಿದರೆ ಗಿಡ ಚೇತರಿಸಿದರೂ ಸೊರಗಿದರೂ ಕಾರಣ ತಿಳಿಯದು. ಬೇರು ಕೊಳೆತು ಕುಂಡ ಬದಲಿಸಲೇಬೇಕಾದ ಸಂದರ್ಭದಲ್ಲಿ ಉಳಿದೆರಡನ್ನು ಮುಂದೂಡಿ. ಹಳದಿಯಾದ ಎಲೆ ಮತ್ತೆ ಹಸಿರಾಗುವುದು, ಕಂದು ತುದಿ ಮಾಯುವುದು ಸಾಮಾನ್ಯವಾಗಿ ಇಲ್ಲ, ಆದ್ದರಿಂದ ಹಳೆಯ ಎಲೆಗಳನ್ನು ನೋಡಿ ನಿರಾಶರಾಗಬೇಕಿಲ್ಲ. ಸುಳಿಯಿಂದ ಬರುವ ಹೊಸ ಎಲೆ ಕಳಂಕವಿಲ್ಲದೆ ಬಿಚ್ಚಿಕೊಂಡರೆ ಚಿಕಿತ್ಸೆ ಫಲಿಸಿದೆ. ಅಂಥ ಎರಡು ಎಲೆಗಳು ಬಂದ ಮೇಲೆ, ಪೊಟ್ಟಣದಲ್ಲಿ ಸೂಚಿಸಿದ ಪ್ರಮಾಣದ ಅರ್ಧದಷ್ಟು ಗೊಬ್ಬರವನ್ನು ತೇವದ ಮಣ್ಣಿಗೆ ಕೊಡಲಾರಂಭಿಸಬಹುದು.

ಎಲೆಯೆಲ್ಲ ಉದುರಿದ ರಬ್ಬರ್ ಗಿಡ, ಫಿಕಸ್‌ನಂಥ ಮರಜಾತಿಯ ಗಿಡಗಳಲ್ಲಿ ಜೀವ ಉಳಿದಿದೆಯೇ ಎಂದು ತಿಳಿಯಲು ಕಾಂಡದ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು ಮತ್ತು ತೇವ ಕಂಡರೆ ಆ ಎತ್ತರದವರೆಗೆ ಗಿಡ ಬದುಕಿದೆ, ಒಣಗಿದ ಮೇಲ್ಭಾಗವನ್ನು ಕತ್ತರಿಸಿ ಕಾಯಬಹುದು. ಕೆಳಕೆಳಗೆ ಕೆರೆಯುತ್ತ ಮಣ್ಣಿನ ಮಟ್ಟಕ್ಕೆ ಬಂದರೂ ಕಂದು ಬಣ್ಣವೇ ಕಂಡು, ಬೇರುಗಳಲ್ಲೂ ಗಟ್ಟಿ ಎಳೆ ಸಿಗದಿದ್ದರೆ, ಗಿಡವನ್ನು ಮಣ್ಣಿನ ಸಮೇತ ವಿಲೇವಾರಿ ಮಾಡಿ. ಖಾಲಿ ಕುಂಡವನ್ನು ಉಜ್ಜಿ ತೊಳೆದು, ಒಂಬತ್ತು ಪಾಲು ನೀರಿಗೆ ಒಂದು ಪಾಲು ಮನೆಬಳಕೆಯ ಬ್ಲೀಚ್ ಬೆರೆಸಿದ ದ್ರಾವಣದಲ್ಲಿ ಹತ್ತು ನಿಮಿಷ ಮುಳುಗಿಸಿ, ಮತ್ತೆ ಶುದ್ಧ ನೀರಿನಲ್ಲಿ ತೊಳೆದು ಒಣಗಿಸಿದ ಮೇಲಷ್ಟೇ ಅದರಲ್ಲಿ ಇನ್ನೊಂದು ಗಿಡವನ್ನು ನೆಡಬೇಕು.